27ಕ್ಕೇ ಬಿಪಿ, ಮಾತ್ರೆ ಬಿಟ್ಟ ತಮ್ಮ: ಅಕ್ಕ ಏನು ಮಾಡಬಹುದು?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಎರಡು ತಿಂಗಳ ಹಿಂದೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಅವನ ಬಿಪಿ 152/98 ಬಂತು. ಹದಿನೈದು ದಿನ ಬಿಟ್ಟು ಡಾಕ್ಟರ್ ಹತ್ತಿರ ಹೋದಾಗ 148/96. ಅವರು ಒಂದು ಮಾತ್ರೆ ಬರೆದುಕೊಟ್ಟರು. ಮೂರು ವಾರ ನುಂಗಿದ, ಆಮೇಲೆ ಬಿಟ್ಟೇಬಿಟ್ಟ. "ನನಗೇನೂ ಆಗಿಲ್ಲ, ಈ ವಯಸ್ಸಿಗೆಲ್ಲ ಬಿಪಿ ಬರಲ್ಲ, ಒಂದ್ಸಲ ಶುರು ಮಾಡಿದ್ರೆ ಸಾಯೋತನಕ ಬಿಡೋ ಹಾಗಿಲ್ಲ" ಅಂತಾನೆ. ಅಪ್ಪನಿಗೂ ಬಿಪಿ ಇದೆ. ಅಮ್ಮ ದಿನಾ ಫೋನಲ್ಲಿ ಅವನ ಜೊತೆ ಜಗಳ. ಅವನು ಬೇರೆ ಊರಲ್ಲಿ ಗೆಳೆಯರ ಜೊತೆ ಇರುತ್ತಾನೆ. ಜಿಮ್‌ಗೆ ಹೋಗುತ್ತಾನೆ, ರಾತ್ರಿ ಎರಡು ಗಂಟೆವರೆಗೆ ಎಚ್ಚರ ಇರುತ್ತಾನೆ. ನಾನು ಅವನ ಅಕ್ಕ. ನನ್ನ ಮಾತು ಸ್ವಲ್ಪ ಕೇಳ್ತಾನೆ. ಏನು ಮಾಡಲಿ?

ಉತ್ತರ: "ನನ್ನ ಮಾತು ಸ್ವಲ್ಪ ಕೇಳ್ತಾನೆ" ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ಸಮಾಧಾನ ಆಯಿತು. ಆ ಸ್ವಲ್ಪವನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋದಷ್ಟೇ ಈಗ ಪ್ರಶ್ನೆ. ನಿಮ್ಮ ತಮ್ಮ ಹೇಳುವ ಮೂರು ಮಾತುಗಳಲ್ಲಿ ಒಂದು ನಿಜ, ಒಂದು ತಪ್ಪು, ಇನ್ನೊಂದು ಅರ್ಧ ನಿಜ. ಮೂರನ್ನೂ ಸೇರಿಸಿ "ಬರೀ ನೆಪ" ಅಂದುಬಿಟ್ಟರೆ ಅವನು ನಿಮ್ಮ ಫೋನನ್ನೂ ಎತ್ತುವುದು ಬಿಡುತ್ತಾನೆ.

"ನನಗೇನೂ ಆಗಿಲ್ಲ" ಅನ್ನೋದು ನಿಜ. 150ರ ಬಿಪಿ ಇರುವ ಹುಡುಗನಿಗೆ ಸಾಮಾನ್ಯವಾಗಿ ಏನೂ ಅನಿಸುವುದಿಲ್ಲ. ತಲೆನೋವು ಬರಲೇಬೇಕು, ತಲೆ ಸುತ್ತಲೇಬೇಕು, ಸಿಟ್ಟು ಜಾಸ್ತಿ ಆಗಬೇಕು ಅನ್ನೋದೆಲ್ಲ ಜನರ ನಂಬಿಕೆ. ಹೀಗಾಗಿ "ನೋಡು, ನಿನಗೆ ಸುಸ್ತಾಗ್ತಿದೆ, ಅದು ಬಿಪಿನೇ" ಅಂತ ಅವನಿಗೆ ಲಕ್ಷಣ ಅಂಟಿಸಲು ಹೋಗಬೇಡಿ. ಅವನ ಮೈ ಅವನಿಗೆ ಗೊತ್ತು. ನೀವು ಹೇಳಿದ್ದು ಸುಳ್ಳು ಅಂತ ಒಂದು ಸಲ ಗೊತ್ತಾದರೆ ಮುಂದಿನ ಮಾತೂ ಹೋಯಿತು.

ಏನೂ ಅನಿಸದಿದ್ದರೂ ಒಳಗೆ ಕೆಲಸ ನಡೆಯುತ್ತಿರುತ್ತದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ರಕ್ತನಾಳದ ಗೋಡೆಗೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಬೀಳುತ್ತಿದ್ದರೆ ಆ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ. ಆ ಒತ್ತಡಕ್ಕೆ ಎದುರಾಗಿ ತಳ್ಳಿ ತಳ್ಳಿ ಹೃದಯದ ಸ್ನಾಯುವೂ ದಪ್ಪವಾಗುತ್ತದೆ. ಕಿಡ್ನಿಯ ಸಣ್ಣ ಜರಡಿಗಳು ಹಾಳಾಗತೊಡಗುತ್ತವೆ. ಇದು ಒಂದು ವರ್ಷದ ಕಥೆಯಲ್ಲ, ಹದಿನೈದು ಇಪ್ಪತ್ತು ವರ್ಷದ್ದು. ಅರವತ್ತಕ್ಕೆ ಬಿಪಿ ಬಂದವರಿಗಿಂತ ಇಪ್ಪತ್ತೇಳಕ್ಕೆ ಬಂದವನಿಗೆ ಅಷ್ಟು ವರ್ಷ ಜಾಸ್ತಿ ಪೆಟ್ಟು, ಅಷ್ಟೇ ಲೆಕ್ಕ.

"ಈ ವಯಸ್ಸಿಗೆಲ್ಲ ಬರಲ್ಲ" ಅನ್ನೋದು ತಪ್ಪು. ಅಮೆರಿಕದಲ್ಲಿ 1985-86ರಲ್ಲಿ ಕಾರ್ಡಿಯಾ ಅನ್ನುವ ಅಧ್ಯಯನ ಶುರುವಾಯಿತು. 18ರಿಂದ 30 ವರ್ಷದ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ದಶಕಗಳ ಕಾಲ ಹಿಂಬಾಲಿಸಿದರು. 2018ರಲ್ಲಿ ಅದರ ಒಂದು ಫಲಿತಾಂಶ ಬಂತು. 4,851 ಜನರ ಲೆಕ್ಕ ಅದು. ನಲವತ್ತು ತುಂಬುವ ಮೊದಲೇ ಬಿಪಿ ಜಾಸ್ತಿ ಇದ್ದವರಲ್ಲಿ ಮುಂದಿನ ಸುಮಾರು 19 ವರ್ಷಗಳಲ್ಲಿ ಹೃದಯಾಘಾತ, ಸ್ಟ್ರೋಕ್‌ನಂಥ ತೊಂದರೆ, ಬಿಪಿ ಸರಿ ಇದ್ದವರಿಗಿಂತ ಜಾಸ್ತಿ ಕಂಡುಬಂತು. ಇವನ್ನೆಲ್ಲ ನಿಮ್ಮ ತಿಳಿವಳಿಕೆಗೆ ಹೇಳಿದೆ. ದಯವಿಟ್ಟು ಅವನಿಗೆ ಫಾರ್ವರ್ಡ್ ಮಾಡಬೇಡಿ. ಹೆದರಿಸಿದರೆ ಮೂರು ದಿನ ಮಾತ್ರೆ ತಗೋತಾನೆ, ನಾಲ್ಕನೇ ದಿನ ಹೆದರಿಕೆಯನ್ನೂ ಮಾತ್ರೆಯನ್ನೂ ಒಟ್ಟಿಗೆ ಡ್ರಾಯರ್‌ನಲ್ಲಿ ಹಾಕಿ ಮುಚ್ಚುತ್ತಾನೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಡಾಕ್ಟರ್ ಆಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ಇಪ್ಪತ್ತೊಂಬತ್ತು ವರ್ಷದ ಒಬ್ಬ ಹುಡುಗ ಬರುತ್ತಿದ್ದ. ಎರಡನೇ ಸಲ ಬಂದಾಗ ಬಿಪಿ 160 ಮೇಲೆ. ಮಾತ್ರೆ ಚೀಟಿ ಜೇಬಲ್ಲೇ ಮಡಚಿಕೊಂಡಿತ್ತು, ಕೊಂಡೇ ಇರಲಿಲ್ಲ. ನಾನು ಹತ್ತು ನಿಮಿಷ ಬೈದೆ. ಸ್ಟ್ರೋಕ್ ಆದ್ರೆ ನಿಮ್ಮಪ್ಪ ಅಮ್ಮನ್ನ ಯಾರು ನೋಡ್ಕೋತಾರೆ ಅಂತೆಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡ, "ಸರಿ ಡಾಕ್ಟ್ರೇ" ಅಂದ, ಎದ್ದು ಹೋದ. ಮತ್ತೆ ಬರಲೇ ಇಲ್ಲ. ಯಾಕೆ ಕೊಳ್ಳಲಿಲ್ಲ ಅಂತ ಒಂದು ಪ್ರಶ್ನೆ ನಾನು ಕೇಳಿರಲಿಲ್ಲ. ಅದು ಇವತ್ತಿಗೂ ನೆನಪಾಗುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ: ಮಾತ್ರೆಯ ವಾದವನ್ನು ಒಂದು ವಾರ ಪಕ್ಕಕ್ಕಿಡಿ. ಮೊದಲು ಅಳತೆಯ ಕೆಲಸ ಮಾಡಿಸಿ. ಅವನಿಗೆ ಬಿಪಿ ಇದೆ ಅಂತ ಈವರೆಗೆ ಹೇಳಿದ್ದು ಬೇರೆಯವರು. ಆಫೀಸಿನವರು ಹೇಳಿದರು, ಡಾಕ್ಟರ್ ಹೇಳಿದರು, ಅಮ್ಮ ಹೇಳುತ್ತಿದ್ದಾರೆ. ತನ್ನ ಕೈಯಾರೆ ಅಳೆದು ತಾನೇ ಬರೆದ ಅಂಕಿ ಅವನ ಹತ್ತಿರ ಒಂದೂ ಇಲ್ಲ. ಇಪ್ಪತ್ತೇಳರ ಹುಡುಗ ತಾನು ನೋಡಿದ್ದನ್ನು ನಂಬುತ್ತಾನೆ.

ಇದಕ್ಕೆ ವೈದ್ಯಕೀಯ ಕಾರಣವೂ ಇದೆ. ಎರಡು ಬೇರೆ ದಿನ 140/90 ದಾಟಿದೆ ಅಂದರೆ ಅನುಮಾನ ಗಟ್ಟಿಯಾಗಿದೆ, ನಿಜ. ಆದರೆ ಕೆಲವರಿಗೆ ಆಸ್ಪತ್ರೆಯ ವಾಸನೆಗೇ ಬಿಪಿ ಏರುತ್ತದೆ, ಮನೆಯಲ್ಲಿ ಸರಿ ಇರುತ್ತದೆ. ಇದಕ್ಕೆ ಬಿಳಿ ಕೋಟಿನ ಬಿಪಿ ಅಂತ ಹೆಸರು. ಇನ್ನು ಕೆಲವರಿಗೆ ಉಲ್ಟಾ: ಡಾಕ್ಟರ್ ಮುಂದೆ 128, ಕೆಲಸದ ಒತ್ತಡದ ಮಧ್ಯೆ 150. ಈ ಅಡಗಿದ ಬಿಪಿ ಸಿಗರೇಟು ಸೇದುವವರಲ್ಲಿ, ಕೆಲಸದ ಒತ್ತಡ ಇರುವವರಲ್ಲಿ ಜಾಸ್ತಿ. ಎರಡನ್ನೂ ಹಿಡಿಯಲು ಮನೆಯ ಅಳತೆಯೇ ಬೇಕು. ಇಲ್ಲವಾದರೆ 24 ಗಂಟೆ ತೋಳಿಗೆ ಕಟ್ಟಿಕೊಂಡೇ ಓಡಾಡುವ ಯಂತ್ರ ಬೇಕು.

ಆದರೆ ಹುಡುಗರು ಮನೆಯಲ್ಲಿ ಬಿಪಿ ಅಳೆಯುವುದು ಹೇಗೆ ಗೊತ್ತಾ? ಜಿಮ್‌ನಿಂದ ಬರುತ್ತಾನೆ. ಕಾಫಿ ಲೋಟ ಎಡಗೈಯಲ್ಲಿ. ಮಂಚದ ಅಂಚಿಗೆ ಕೂತು, ಟೀ ಶರ್ಟ್ ತೋಳನ್ನು ಮೇಲಕ್ಕೆ ಬಿಗಿಯಾಗಿ ಸುರುಳಿ ಮಾಡಿ, ಪಟ್ಟಿಯನ್ನು ಮೊಣಕೈ ಮೇಲೆಯೇ ಸುತ್ತುತ್ತಾನೆ. ಕೈ ತೊಡೆ ಪಕ್ಕ ಜೋತುಬಿದ್ದಿರುತ್ತದೆ. ಬಟನ್ ಒತ್ತಿ, ಗೆಳೆಯನ ಜೊತೆ ಮಾತಾಡುತ್ತಾ ಮೊಬೈಲ್ ನೋಡುತ್ತಾನೆ. 158 ಬರುತ್ತದೆ. "ಥೂ, ಈ ಮಷಿನ್ನೇ ಸರಿಯಿಲ್ಲ" ಅನ್ನುತ್ತಾನೆ. ಮತ್ತೆ ಒತ್ತುತ್ತಾನೆ, ಮತ್ತೆ ಒತ್ತುತ್ತಾನೆ. ನಾಲ್ಕನೇ ಸಲ 136 ಬಂದರೆ ಅದನ್ನು ಬರೆಯುತ್ತಾನೆ.

ಅಲ್ಲಿ ಎಷ್ಟು ತಪ್ಪು ಇತ್ತು ನೋಡಿ. ವ್ಯಾಯಾಮ, ಕಾಫಿ, ಸಿಗರೇಟು ಆದ ಮೇಲೆ ಅರ್ಧ ಗಂಟೆ ಬಿಡಬೇಕು. ಮೂತ್ರಕ್ಕೆ ಹೋಗಿ ಬರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಬೇಕು. ಕಾಲ ಮೇಲೆ ಕಾಲು ಬೇಡ. ಕೈಯನ್ನು ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ ಬರುವ ಹಾಗೆ ಇಡಬೇಕು. ಕೈ ಕೆಳಗೆ ಜೋತುಬಿದ್ದಿದ್ದರೆ ಅಂಕಿ ಏರುತ್ತದೆ. ಮಾತಾಡಿದರೆ ಅಷ್ಟಕ್ಕೇ ಹತ್ತು ಅಂಕಿ ಜಾಸ್ತಿ ಆಗಬಹುದು. ಪಟ್ಟಿ ಬರಿ ತೋಳಿನ ಮೇಲಿರಬೇಕು, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ.

ಪಟ್ಟಿಯ ಅಳತೆ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕಂದ್ರೆ ನಿಮ್ಮ ತಮ್ಮ ಜಿಮ್‌ಗೆ ಹೋಗುವವನು. ಮಷಿನ್ ಜೊತೆ ಬರುವ ಸಾಮಾನ್ಯ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಅವನ ತೋಳು 35 ಇದ್ದರೆ ದೊಡ್ಡ ಪಟ್ಟಿಯೇ ಬೇಕು. ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ತೀರಾ ದೊಡ್ಡ ಪಟ್ಟಿ ಬೇಕಾದ ತೋಳಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಮೇಲಿನ ಅಂಕಿ 20ರ ಹತ್ತಿರ ಜಾಸ್ತಿ ಬರುತ್ತದೆ ಅಂತ 2023ರ ಒಂದು ಪ್ರಯೋಗದಲ್ಲಿ ಅಳೆದೇ ತೋರಿಸಿದ್ದಾರೆ. ಒಂದು ಟೇಪು ತಗೊಂಡು ಭುಜ ಮತ್ತು ಮೊಣಕೈ ನಡುವೆ ತೋಳಿನ ಸುತ್ತಳತೆ ನೋಡಲು ಹೇಳಿ. ಈ ಕೆಲಸ ಅವನಿಗೆ ಇಷ್ಟವೂ ಆದೀತು. ಮಣಿಕಟ್ಟಿಗೆ ಕಟ್ಟುವ ಮಷಿನ್, ಸ್ಮಾರ್ಟ್ ವಾಚ್ ತೋರಿಸುವ ಬಿಪಿ ಇವನ್ನು ನಂಬಿ ಔಷಧಿ ನಿರ್ಧಾರ ಮಾಡುವುದು ಬೇಡ. ತೋಳಿಗೆ ಕಟ್ಟುವ, ಪರೀಕ್ಷೆಯಲ್ಲಿ ಪಾಸಾದ ಡಿಜಿಟಲ್ ಮಷಿನ್ ಸಾಕು. ಹಳೆಯ ಅಂಕಿಗಳು ಅದರಲ್ಲೇ ಉಳಿಯುವಂಥದ್ದಾದರೆ ಇನ್ನೂ ಒಳ್ಳೆಯದು.

ಏಳು ದಿನ. ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು. ಬಂದದ್ದನ್ನು ಬಂದ ಹಾಗೇ ಬರೆಯಬೇಕು. ಮೊದಲ ದಿನದ ನಾಲ್ಕನ್ನು ಕೈಬಿಟ್ಟು ಉಳಿದ 24 ಅಂಕಿಗಳ ಸರಾಸರಿ ತೆಗೆಯಬೇಕು. ಆ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಿಪಿ ಇದೆ ಅಂತಲೇ ಅರ್ಥ. ಮನೆಯ 135/85 ಅಂದರೆ ಆಸ್ಪತ್ರೆಯ 140/90 ಇದ್ದ ಹಾಗೆ. ಅಮೆರಿಕದವರು 2017ರಿಂದ 130/80ಕ್ಕೇ ಗೆರೆ ಎಳೆದಿದ್ದಾರೆ, ಅದರ ಚರ್ಚೆ ಈಗ ನಿಮಗೆ ಬೇಡ. ಕೆಳಗಿನ ಅಂಕಿಯನ್ನು ಮಾತ್ರ ಮರೆಯಬೇಡಿ. ವಯಸ್ಸಾದವರಲ್ಲಿ ಮೇಲಿನದ್ದೇ ಏರುವುದು ಜಾಸ್ತಿ, ಈ ವಯಸ್ಸಿನವರಲ್ಲಿ ಎಷ್ಟೋ ಸಲ ಕೆಳಗಿನದ್ದೇ ಮೊದಲು ಏರುತ್ತದೆ. "ಮೇಲಿನದ್ದು 132 ಅಷ್ಟೇ" ಅಂತ ಸಮಾಧಾನ ಪಟ್ಟುಕೊಂಡವನ ಕೆಳಗಿನದ್ದು 94 ಇರಬಹುದು.

ಈ ವಾರ ಮಾತ್ರೆ ಇಲ್ಲದೆ ಇರುವುದು ಸರಿಯಾ ಅಂತ ನೀವು ಕೇಳಬಹುದು. ಅವನು ಬಿಟ್ಟು ಆಗಲೇ ಮೂರು ವಾರ ಆಗಿರಬೇಕು. ಬರೆದುಕೊಟ್ಟ ಡಾಕ್ಟರ್‌ಗೆ ಒಂದು ಫೋನ್ ಮಾಡಿ "ಬಿಟ್ಟಿದ್ದೀನಿ, ಒಂದು ವಾರ ಅಳೆದು ಬರ್ತೀನಿ" ಅಂತ ಹೇಳಲಿ. 152/98ರ ಮಟ್ಟದಲ್ಲಿ, ಬೇರೆ ಕಾಯಿಲೆ ಇಲ್ಲದಿದ್ದರೆ ಬಹುತೇಕ ಡಾಕ್ಟರ್‌ಗಳು ಒಪ್ಪುತ್ತಾರೆ. ಮಾತ್ರೆ ಹೆಸರಿನ ಕೊನೆಯಲ್ಲಿ "ಲೊಲ್" ಅಂತ ಇದ್ದರೆ, ಅಂದರೆ ಅಟೆನೊಲೊಲ್, ಮೆಟೊಪ್ರೊಲೊಲ್ ಥರದ್ದು, ಅಂಥದ್ದನ್ನು ಮುಂದೆ ಎಂದೂ ಒಮ್ಮೆಲೇ ನಿಲ್ಲಿಸಬಾರದು ಅಂತ ಹೇಳಿಡಿ. ಒಮ್ಮೆಲೇ ಬಿಟ್ಟರೆ ಎದೆಬಡಿತ, ಬಿಪಿ ಎರಡೂ ಜಿಗಿಯಬಹುದು.

ಒಂದು ಅಂಕಿಗೆ ಮಾತ್ರ ಕಾಯುವಂತಿಲ್ಲ. 180/120 ಬಂದರೆ ಐದು ನಿಮಿಷ ಕೂತು ಮತ್ತೆ ನೋಡಬೇಕು. ಮತ್ತೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ ಮಾತಾಡಬೇಕು. ಅದರ ಜೊತೆ ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ತಡೆಯಲಾಗದ ತಲೆನೋವು ಏನಾದರೂ ಇದ್ದರೆ ನೇರ ತುರ್ತು ವಿಭಾಗಕ್ಕೆ. ಈ ಸಾಲುಗಳನ್ನು ಜೊತೆಯಲ್ಲಿರುವ ಗೆಳೆಯರಲ್ಲಿ ಒಬ್ಬನಿಗಾದರೂ ತಿಳಿಸಿರಲಿ.

ಸರಿ, ವಾರ ಮುಗಿಯಿತು, ಸರಾಸರಿ 144/93 ಬಂತು ಅಂದುಕೊಳ್ಳೋಣ. ಅವನ ಮುಂದಿನ ಪ್ರಶ್ನೆ "ಯಾಕೆ?" ಅಂತ ಇರುತ್ತದೆ. ಒಳ್ಳೆಯ ಪ್ರಶ್ನೆ. ಬಹುಪಾಲು ಜನರಿಗೆ ಒಂದೇ ಒಂದು ಕಾರಣ ಸಿಗುವುದಿಲ್ಲ. ಮನೆತನ, ತೂಕ, ಉಪ್ಪು, ನಿದ್ದೆ ಎಲ್ಲ ಸೇರಿ ಆಗಿರುತ್ತದೆ. ಆದರೆ ನಲವತ್ತಕ್ಕಿಂತ ಮೊದಲು ಬಂದ ಬಿಪಿಯ ಹಿಂದೆ ಬೇರೊಂದು ಕಾರಣ ಅಡಗಿರುವ ಸಾಧ್ಯತೆ ವಯಸ್ಸಾದವರಿಗಿಂತ ಜಾಸ್ತಿ. ಅದನ್ನು ಹುಡುಕದೆ ಮಾತ್ರೆ ಬರೆದುಕೊಂಡು ಹೋಗುವುದು ನನಗಂತೂ ಸರಿ ಅನಿಸುವುದಿಲ್ಲ. ಕಿಡ್ನಿ ತೊಂದರೆ ಇರಬಹುದು. ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿರಬಹುದು, ಇದು ಹರೆಯದ ಹೆಣ್ಣುಮಕ್ಕಳಲ್ಲಿ ನೆನಪಿಡಬೇಕಾದ ಕಾರಣ. ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ಆಲ್ಡೊಸ್ಟೆರೋನ್ ಅನ್ನುವ ಹಾರ್ಮೋನನ್ನು ಜಾಸ್ತಿ ಸುರಿಸುತ್ತಿರಬಹುದು. ಥೈರಾಯ್ಡ್ ಇರಬಹುದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಮಹಾಪಧಮನಿ, ಹುಟ್ಟಿನಿಂದಲೇ ಒಂದು ಕಡೆ ಕಿರಿದಾಗಿದ್ದರೆ ಕೈಯಲ್ಲಿ ಬಿಪಿ ಜಾಸ್ತಿ, ಕಾಲಲ್ಲಿ ಕಡಿಮೆ ಇರುತ್ತದೆ. ಕೈ ನಾಡಿ, ತೊಡೆಸಂದಿನ ನಾಡಿ ಎರಡನ್ನೂ ಒಟ್ಟಿಗೆ ಮುಟ್ಟಿ ನೋಡಿದರೆ ಸುಳಿವು ಸಿಗುತ್ತದೆ. ಅರ್ಧ ನಿಮಿಷದ ಕೆಲಸ ಅದು, ಗಡಿಬಿಡಿಯಲ್ಲಿ ಬಿಟ್ಟೇ ಹೋಗುತ್ತದೆ.

ಡಾಕ್ಟರ್ ಹತ್ತಿರ ಹೋದಾಗ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ, ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅನ್ನುವ ಪರೀಕ್ಷೆ, ಒಂದು ಇಸಿಜಿ ಇಷ್ಟು ಆಗಿದೆಯಾ ಅಂತ ಕೇಳಿ. ಪೊಟ್ಯಾಸಿಯಂ ಕಡಿಮೆ ಇದ್ದರೆ ಆಲ್ಡೊಸ್ಟೆರೋನ್ ನೋಡಲೇಬೇಕು. ಪೊಟ್ಯಾಸಿಯಂ ಸರಿ ಇದ್ದರೂ ಇಷ್ಟು ಚಿಕ್ಕವರಲ್ಲಿ ನೋಡುವುದು ತಪ್ಪಲ್ಲ.

ಲ್ಯಾಬ್‌ನಲ್ಲಿ ಸಿಗದ ಕಾರಣಗಳು ಅವನ ರೂಮಿನಲ್ಲಿ ಸಿಗಬಹುದು. ಇಲ್ಲಿ ಅಕ್ಕನಾಗಿ ನಿಮ್ಮ ಕೆಲಸ ನಾಜೂಕಿನದು. ಜಿಮ್‌ಗೆ ಹೋಗುವ ಮುಂಚೆ ಕುಡಿಯುವ ಪುಡಿಗಳಲ್ಲಿ ಸಿಕ್ಕಾಪಟ್ಟೆ ಕೆಫೀನ್ ಇರುತ್ತದೆ, ಎನರ್ಜಿ ಡ್ರಿಂಕ್‌ಗಳಲ್ಲೂ ಅಷ್ಟೇ. ಮೈ ಬೆಳೆಸಲು ಸ್ಟೀರಾಯ್ಡ್ ಚುಚ್ಚಿಕೊಳ್ಳುವವರಿದ್ದಾರೆ. ಅದು ಬಿಪಿ ಏರಿಸುತ್ತದೆ, ಹೃದಯಕ್ಕೂ ಪೆಟ್ಟು ಕೊಡುತ್ತದೆ. ವರ್ಕೌಟ್ ಆದ ಮೇಲೆ ಮೈಕೈ ನೋವಿಗೆ ಅಂತ ದಿನಾ ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗುವುದು ಇನ್ನೊಂದು. ಈ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಮೂಗು ಕಟ್ಟಿದಾಗ ತಗೊಳ್ಳುವ ಕೆಲವು ನೆಗಡಿ ಮಾತ್ರೆಗಳೂ ಬಿಪಿ ಏರಿಸುತ್ತವೆ. "ನೀನು ಏನಾದ್ರೂ ತಗೋತಿದ್ದೀಯಾ?" ಅಂತ ಕೇಳಿದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ. "ನೀನು ತಗೊಳ್ಳೋ ಪುಡಿ, ಮಾತ್ರೆ, ಡಬ್ಬ ಎಲ್ಲದರ ಫೋಟೋ ತೆಗೆದು ಡಾಕ್ಟರ್‌ಗೆ ತೋರ್ಸು, ನನಗೆ ತೋರ್ಸೋದು ಬೇಡ" ಅಂದು ನೋಡಿ. ಆ ಕೊನೆಯ ಮೂರು ಪದ ಮುಖ್ಯ.

ಜೊತೆಯಲ್ಲಿ ಇರುವ ಗೆಳೆಯರಿಗೆ ಒಂದು ಪ್ರಶ್ನೆ ಕೇಳಿಸಿ: ಇವನು ಗೊರಕೆ ಹೊಡೀತಾನಾ, ಮಧ್ಯೆ ಉಸಿರು ನಿಂತ ಹಾಗೆ ಆಗಿ ಆಮೇಲೆ ಜೋರಾಗಿ ಎಳ್ಕೋತಾನಾ? ನಿದ್ದೆಯಲ್ಲಿ ಉಸಿರು ಕಟ್ಟುವ ಈ ತೊಂದರೆಯನ್ನು ಸ್ಲೀಪ್ ಆಪ್ನಿಯಾ ಅಂತಾರೆ. ಕುತ್ತಿಗೆ ದಪ್ಪ ಇರುವ ಹುಡುಗರಲ್ಲಿ ಇದು ಬಿಪಿಗೆ ದೊಡ್ಡ ಕಾರಣ, ಅವರಿಗೇ ಗೊತ್ತಿರುವುದಿಲ್ಲ. ಇನ್ನು ರಾತ್ರಿ ಎರಡರವರೆಗೆ ಎಚ್ಚರ ಅಂದಿರಲ್ಲ, ನಿದ್ದೆ ಮಾಡುವಾಗ ಬಿಪಿ ಇಳಿಯಬೇಕು. ಐದೇ ಗಂಟೆ ಮಲಗಿದರೆ ರಕ್ತನಾಳಗಳಿಗೆ ಸಿಗುವ ಆ ವಿರಾಮವೂ ಐದೇ ಗಂಟೆ. ಏಳು ಗಂಟೆ ನಿದ್ದೆ ಒಂದು ತಿಂಗಳು ಮಾಡಿ ಮತ್ತೆ ಅಳೆದು ನೋಡು ಅಂತ ಸವಾಲು ಹಾಕಿ.

ಉಪ್ಪಿನ ವಿಷಯ ಎಲ್ಲರಿಗೂ ಗೊತ್ತು, ಆದರೆ ಲೆಕ್ಕ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಅಡುಗೆಯ ಉಪ್ಪು, ಪ್ಯಾಕೆಟ್ ತಿಂಡಿಯ ಉಪ್ಪು, ಹೊರಗೆ ತಿಂದದ್ದು ಎಲ್ಲ ಸೇರಿ. ಹೊರಗಿನ ಊಟ, ಪ್ಯಾಕೆಟ್ ಊಟದ ಮೇಲೆ ಬದುಕುವ ಹುಡುಗನಿಗೆ "ಊಟಕ್ಕೆ ಮೇಲುಪ್ಪು ಹಾಕ್ಕೋಬೇಡ" ಅಂದರೆ ಏನೂ ಪ್ರಯೋಜನ ಇಲ್ಲ. ಅವನ ಉಪ್ಪು ಪ್ಯಾಕೆಟ್ ಒಳಗೇ ಇದೆ. ಪ್ಯಾಕೆಟ್ ಹಿಂದೆ "ಸೋಡಿಯಂ" ಅಂತ ಮಿಲಿಗ್ರಾಂನಲ್ಲಿ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು, ದಿನದ ಪಾಲಿನ ಐದರಲ್ಲಿ ಎರಡು ಭಾಗ. ಅದೂ "ಒಂದು ಸರ್ವಿಂಗ್"ಗೆ ಬರೆದದ್ದಾ, ಪೂರ್ತಿ ಪ್ಯಾಕೆಟ್‌ಗಾ ಅಂತ ನೋಡಬೇಕು. ಎರಡು ಸರ್ವಿಂಗ್ ಅಂತ ಬರೆದು ಒಬ್ಬನೇ ತಿಂದು ಮುಗಿಸುವ ಪ್ಯಾಕೆಟ್ ಮಾರುವುದು ಹಳೆಯ ಆಟ. ಅವನು ವಾರದಲ್ಲಿ ಜಾಸ್ತಿ ತಿನ್ನುವ ಎರಡು ಪದಾರ್ಥದ ಲೆಕ್ಕ ಅವನೇ ಹಾಕಲಿ, ಅಷ್ಟು ಸಾಕು. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಒಳ್ಳೆಯದೇ, ಆದರೆ ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ. ಕೆಲವು ಬಿಪಿ ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ, ಹಾಗಾಗಿ ಕೇಳಿಯೇ ಶುರು ಮಾಡಬೇಕು. ಹಣ್ಣು, ತರಕಾರಿ, ಕಾಳು ಜಾಸ್ತಿ ತಿನ್ನುವುದಕ್ಕೆ ಇಷ್ಟು ತಲೆಬಿಸಿ ಬೇಡ.

ತೂಕ ಜಾಸ್ತಿ ಇದ್ದರೆ, ಇಳಿದ ಪ್ರತಿ ಕಿಲೋಗೆ ಮೇಲಿನ ಅಂಕಿ ಸುಮಾರು ಒಂದು ಇಳಿಯುತ್ತದೆ. ಮದ್ಯ ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು. ಸಿಗರೇಟಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ.

ಜಿಮ್ ಬಿಡಿಸಬೇಡಿ, ಅಮ್ಮ ಹೇಳಿದರೂ ಸರಿ. ವ್ಯಾಯಾಮ ಬಿಪಿ ಇಳಿಸುತ್ತದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವುದೇ ತೊಂದರೆ. 1985ರ ಒಂದು ಪ್ರಯೋಗದಲ್ಲಿ ದೇಹದಾರ್ಢ್ಯ ಪಟುಗಳು ಭಾರಿ ಲೆಗ್ ಪ್ರೆಸ್ ಮಾಡುವಾಗ ರಕ್ತನಾಳದ ಒಳಗಿನಿಂದಲೇ ಬಿಪಿ ಅಳೆದರು. ಮೇಲಿನ ಅಂಕಿ 300 ದಾಟಿತ್ತು! ಕ್ಷಣಮಾತ್ರಕ್ಕೆ, ಆದರೂ. ಬಿಪಿ ಹತೋಟಿಗೆ ಬರುವವರೆಗೆ ಭಾರ ಕಡಿಮೆ ಮಾಡಿ, ಎಣಿಕೆ ಜಾಸ್ತಿ ಮಾಡಿ, ಎತ್ತುವಾಗ ಉಸಿರು ಬಿಡುತ್ತಾ ಮಾಡಲಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆಯೋ ಸೈಕಲ್ಲೋ ಈಜೋ ಸೇರಲಿ. ಬರೀ ತೋಳು ಬೆಳೆಸುವವರು ಇದನ್ನೇ ಬಿಡುವುದು.

ಈಗ ಮಾತ್ರೆ. "ಶುರು ಮಾಡಿದ್ರೆ ಬಿಡೋ ಹಾಗಿಲ್ಲ" ಅನ್ನೋದು ಅರ್ಧ ನಿಜ ಅಂದೆನಲ್ಲ. ಬಿಪಿ ಮಾತ್ರೆ ಚಟ ಹಿಡಿಸುವುದಿಲ್ಲ. ಮಾತ್ರೆ ತಗೊಂಡದ್ದರಿಂದ ದೇಹ ಅದಕ್ಕೆ ಜೋತುಬೀಳುವುದೂ ಇಲ್ಲ. ಮೇಲೆ ಹೇಳಿದ "ಲೊಲ್" ಥರದವನ್ನು ಬಿಟ್ಟರೆ, ಮಾತ್ರೆ ನಿಲ್ಲಿಸಿದಾಗ ಬಿಪಿ ಏರುವುದು ಕಾರಣ ಇನ್ನೂ ಅಲ್ಲೇ ಇರುವುದರಿಂದ. ತೂಕ ಇಳಿಸಿ, ಉಪ್ಪು ಇಳಿಸಿ, ಗೊರಕೆಗೆ ಚಿಕಿತ್ಸೆ ಮಾಡಿಸಿಕೊಂಡು ಮಾತ್ರೆ ಕಡಿಮೆಯಾದವರು, ಪೂರ್ತಿ ನಿಂತವರು ಇದ್ದಾರೆ. ಎಲ್ಲ ಮಾಡಿಯೂ ಮಾತ್ರೆ ಬೇಕೇ ಆದವರೂ ಇದ್ದಾರೆ, ಮುಖ್ಯವಾಗಿ ಅಪ್ಪ ಅಮ್ಮನಿಗೆ ಬಿಪಿ ಇದ್ದವರು. ಯಾವ ಗುಂಪು ಅಂತ ಇವತ್ತೇ ಹೇಳಲು ಬರುವುದಿಲ್ಲ. "ಸದ್ಯಕ್ಕೆ ಆರು ತಿಂಗಳು ತಗೋ, ಆಮೇಲೆ ಅಂಕಿ ಇಟ್ಕೊಂಡು ಡಾಕ್ಟರ್ ಜೊತೆ ಮಾತಾಡು" ಅಂದರೆ ಇಪ್ಪತ್ತೇಳರವನಿಗೆ ಅರ್ಥವಾಗುತ್ತದೆ. "ಸಾಯೋತನಕ" ಅಂದರೆ ಆಗುವುದಿಲ್ಲ.

ಅವನು ಯಾಕೆ ಬಿಟ್ಟ ಅಂತ ಕೇಳಿದ್ದೀರಾ? ಬೈಯುವ ಪ್ರಶ್ನೆಯಾಗಿ ಅಲ್ಲ, ನಿಜವಾಗಿ. ಆಮ್ಲೋಡಿಪಿನ್ ಆಗಿದ್ದರೆ ಪಾದ ಊದಿರಬಹುದು, ಮುಖ ಬಿಸಿ ಆಗಿರಬಹುದು. "ಪ್ರಿಲ್" ಅಂತ ಮುಗಿಯುವ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು. ಎದ್ದಾಗ ತಲೆ ಸುತ್ತಿರಬಹುದು. ಇವಕ್ಕೆಲ್ಲ ಮಾತ್ರೆ ಬದಲಿಸಬಹುದು, ಡೋಸ್ ಇಳಿಸಬಹುದು. ಒಂದೇ ಮಾತ್ರೆಯ ಡೋಸ್ ಏರಿಸುವ ಬದಲು ಎರಡು ಔಷಧಿ ಸಣ್ಣ ಡೋಸ್‌ನಲ್ಲಿ ಸೇರಿರುವ ಒಂದೇ ಮಾತ್ರೆಯೂ ಸಿಗುತ್ತದೆ, ತೊಂದರೆ ಕಡಿಮೆ. ಇನ್ನು ಹುಡುಗರು ಬಾಯಿಬಿಟ್ಟು ಹೇಳದ ಕಾರಣ ಒಂದಿದೆ: ಈ ಮಾತ್ರೆಯಿಂದ ಗಂಡಸುತನಕ್ಕೆ ತೊಂದರೆ ಆಗುತ್ತಾ ಅನ್ನುವ ಭಯ. ಕೆಲವು ಹಳೆಯ ಬೀಟಾ ಬ್ಲಾಕರ್‌ಗಳು ("ಲೊಲ್" ಅಂತ ಮುಗಿಯುವ ಮಾತ್ರೆಗಳು) ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲಿ ಅಂಥ ದೂರು ಇದೆ. ಆಮ್ಲೋಡಿಪಿನ್, "ಸಾರ್ಟನ್" ಅಂತ ಮುಗಿಯುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇಲ್ಲ. ಬಿಪಿಯನ್ನು ಹಾಗೇ ಬಿಟ್ಟರೆ ಆ ರಕ್ತನಾಳಗಳೂ ಕೆಡುತ್ತವೆ. ಅಕ್ಕನ ಹತ್ತಿರ ಇದನ್ನು ಅವನು ಮಾತಾಡುವುದಿಲ್ಲ. ಉತ್ತರದ ಈ ಭಾಗವನ್ನು ಅವನಿಗೆ ಕಳಿಸಿದರೆ ತಾನೇ ಓದಿಕೊಳ್ಳುತ್ತಾನೆ. ಹೆದರಿಸುವ ಭಾಗವನ್ನು ಫಾರ್ವರ್ಡ್ ಮಾಡಬೇಡಿ ಅಂದಿದ್ದೆ, ಇದನ್ನು ಮಾಡಬಹುದು.

ಇಲ್ಲಿ ಒಂದು ಮಾತು ಬಿಪಿ ಇರುವ ಹೆಣ್ಣುಮಕ್ಕಳಿಗೆ. ಪ್ರಿಲ್, ಸಾರ್ಟನ್ ಮಾತ್ರೆಗಳು ಬಸಿರಿನಲ್ಲಿ ಮಗುವಿಗೆ ಅಪಾಯ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಮೊದಲೇ ಹೇಳಿ ಬದಲಿಸಿಕೊಳ್ಳಿ. ಲ್ಯಾಬೆಟಲೋಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಇವೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳೂ ಬಿಪಿ ಏರಿಸುತ್ತವೆ. ಬೇರೆ ವಿಧಾನ ಕೇಳಿ.

ಬೆಳಿಗ್ಗೆ ತಗೋಬೇಕಾ, ರಾತ್ರಿನಾ? ಬ್ರಿಟನ್‌ನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಟೈಮ್ ಅನ್ನುವ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಹೃದಯಾಘಾತ, ಸ್ಟ್ರೋಕ್ ತಡೆಯುವುದರಲ್ಲಿ ಬೆಳಿಗ್ಗೆಗೂ ರಾತ್ರಿಗೂ ವ್ಯತ್ಯಾಸ ಕಾಣಲಿಲ್ಲ. ಅವನಿಗೆ ಯಾವಾಗ ಮರೆಯುವುದಿಲ್ಲವೋ ಆಗ ತಗೊಳ್ಳಲಿ. ಬೆಳಿಗ್ಗೆ ಎದ್ದು ಓಡುವವನಿಗೆ ರಾತ್ರಿ ಫೋನ್ ಚಾರ್ಜಿಗೆ ಹಾಕುವ ಜಾಗ ಒಳ್ಳೆಯದು. ಚಾರ್ಜರ್ ಪಕ್ಕ ಮಾತ್ರೆ ಪಟ್ಟಿ. ಆಫೀಸ್ ಬ್ಯಾಗಿನಲ್ಲಿ ಐದು ಮಾತ್ರೆ ಹೆಚ್ಚುವರಿ. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗುವುದು ಬೇಡ, ಒಂದೇ ತಗೊಂಡು ಮುಂದುವರಿಯಲಿ. ಪೂರ್ತಿ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನಕ್ಕೆ ಇಳಿಯಲಿಲ್ಲ ಅಂತ ಬಿಡುವುದು, ಮೂರು ವಾರಕ್ಕೆ ಇಳಿಯಿತು ಅಂತ ಬಿಡುವುದು ಎರಡೂ ಸಾಮಾನ್ಯ ತಪ್ಪು. ನಿಮ್ಮ ತಮ್ಮ ಎರಡನೆಯದು ಮಾಡಿದನೋ ಏನೋ.

ಅಮ್ಮನ ಹತ್ತಿರ ನೀವು ಮಾತಾಡಬೇಕು. ದಿನಾ "ಮಾತ್ರೆ ತಗೊಂಡ್ಯಾ?" ಅನ್ನುವ ಫೋನ್ ನಿಲ್ಲಲಿ. ಅವನು ಸುಳ್ಳು ಹೇಳುವುದನ್ನಷ್ಟೇ ಅದರಿಂದ ಕಲಿಯುತ್ತಾನೆ. ಭಾನುವಾರ ಒಂದು ಸಲ, ನಿಮಗೆ, ವಾರದ ಸರಾಸರಿ ಕಳಿಸಲಿ. ಬರೀ ಅಂಕಿ. ಜಾಸ್ತಿ ಬಂದ ವಾರವೂ ನೀವು "ಓಕೆ, ನೋಡಿದೆ" ಅನ್ನಬೇಕು. ಬೈದರೆ ಮುಂದಿನ ವಾರದಿಂದ ಎಲ್ಲ ಅಂಕಿಯೂ 128/82 ಬರತೊಡಗುತ್ತವೆ, ಮಷಿನ್ ಮುಟ್ಟದೇ.

ಶುರುವಿಗೆ ಅವನಿಗೆ ಏನು ಬರೆಯಲಿ ಅಂದರೆ, ನಾನಾಗಿದ್ದರೆ ಇಷ್ಟು ಬರೆಯುತ್ತಿದ್ದೆ: "ನಿನಗೆ ನಿಜವಾಗ್ಲೂ ಬಿಪಿ ಇದ್ಯಾ ಇಲ್ವಾ ನೀನೇ ನೋಡು. ಒಂದು ವಾರ ಅಳೆದು ನೋಡು, ನಾನೂ ಅಳೀತೀನಿ. ಸರಿ ಇದ್ರೆ ಅಮ್ಮನ್ನ ನಾನು ನೋಡ್ಕೋತೀನಿ. ಜಾಸ್ತಿ ಇದ್ರೆ ಡಾಕ್ಟರ್ ಹತ್ರ ನಾನೂ ಬರ್ತೀನಿ, ಹೊರಗೆ ಕೂತಿರ್ತೀನಿ."

"ನಾನೂ ಅಳೀತೀನಿ" ಅನ್ನೋದು ಬಾಯಿಮಾತಿಗೆ ಬರೆದದ್ದಲ್ಲ. ಅಪ್ಪನಿಗೆ ಬಿಪಿ, ತಮ್ಮನಿಗೆ ಬಿಪಿ. ನಿಮ್ಮ ವಯಸ್ಸು ನೀವು ಬರೆದಿಲ್ಲ, ಆದರೆ ಅಕ್ಕ ಅಂದಮೇಲೆ ಅವನಿಗಿಂತ ದೊಡ್ಡವರು. ಕೊನೆಯ ಸಲ ನಿಮ್ಮ ಬಿಪಿ ಯಾವಾಗ ನೋಡಿಸಿದ್ದೀರಿ? ಮಷಿನ್ ಮನೆಗೆ ಬಂದ ಸಂಜೆಯೇ ಐದು ನಿಮಿಷ ಕುರ್ಚಿಯಲ್ಲಿ ಸುಮ್ನೆ ಕೂತು, ಪಟ್ಟಿ ಕಟ್ಟಿಕೊಂಡು, ಬಂದ ಅಂಕಿಯನ್ನು ಎಷ್ಟೇ ಇರಲಿ ಹಾಗೇ ಫೋಟೋ ತೆಗೆದು ಅವನಿಗೆ ಕಳಿಸಿ.